ಐದು ಕಾರು, ಒಂದು ಶಟರು

ಭಾನುವಾರ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಮೂರು ಕಾರು ಸ್ಟಾರ್ಟ್ ಆಗುತ್ತವೆ.

ಎದುರು ಮನೆ ಯಜಮಾನರ ಹತ್ತಿರ ಇರುವುದು ಐದು ಕಾರು. ನಮ್ಮ ಬೀದಿಯ ಹುಡುಗರು ಅವರನ್ನು ಶೋರೂಮ್ ಅಂಕಲ್ ಅಂತ ಕರೆಯುತ್ತಾರೆ. ಅದು ಅವರ ಕಿವಿಗೂ ಬಿದ್ದಿದೆ. ಬೇಜಾರೇನಿಲ್ಲ, ಒಳಗೊಳಗೇ ಖುಷಿ. ಮಾರ್ಕೆಟ್ಟಿಗೆ ಅಂತಲೇ ತೆಗೆದುಕೊಂಡಿದ್ದು ವ್ಯಾಗನಾರ್. ಅದು ಗೇಟಿನ ಒಳಗೆ, ತುಳಸಿ ಕಟ್ಟೆಗೂ ಮೆಟ್ಟಿಲಿಗೂ ಮಧ್ಯೆ ಸಿಕ್ಕಿಕೊಂಡಿದೆ. ಗೇಟಿಗೆ ಅಡ್ಡಲಾಗಿ ಸೊಸೆಯ ಸ್ವಿಫ್ಟ್. ಸ್ವಿಫ್ಟ್ ಅಲ್ಲಾಡಬೇಕಾದರೆ ಇನ್ನೋವಾ ಸರಿಯಬೇಕು. ಇನ್ನೋವಾ ಸರಿದು ನಿಲ್ಲುವ ಜಾಗ ನನ್ನ ಗೇಟು.

"ಸ್ವಿಫ್ಟ್ ಕೀ ಎಲ್ಲಮ್ಮಾ?" ಅಂತ ಅಂಕಲ್ ಕೆಳಗಿನಿಂದ ಕೂಗುತ್ತಾರೆ. "ಫ್ರಿಜ್ ಮೇಲಿದೆ ನೋಡಿ ಮಾವ" ಅಂತ ಸೊಸೆ ಮೇಲಿನಿಂದ. ಫ್ರಿಜ್ ಮೇಲೆ ಸಿಗುವುದು ಫಾರ್ಚೂನರ್ ಕೀ. ಅಷ್ಟರಲ್ಲಿ ಮೊಮ್ಮಗ ಇನ್ನೋವಾ ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ" ಶುರು ಮಾಡಿರುತ್ತಾನೆ. ಅವನ ಬಾಯಿಂದ "ಸ್ಟಾಪ್" ಬರುವುದು ನನ್ನ ಗೇಟು ಡಬ್ ಅಂದ ಮೇಲೆ. ಇಪ್ಪತ್ತು ನಿಮಿಷ ಕಳೆದು ವ್ಯಾಗನಾರ್ ಬೀದಿಗೆ ಮೂಗು ತೂರಿಸುವ ಹೊತ್ತಿಗೆ ಆಂಟಿ ಚಪ್ಪಲಿ ಮೆಟ್ಟಿಕೊಂಡು ಮೂಲೆ ಅಂಗಡಿಗೆ ಹೋಗಿ, ಸೊಪ್ಪು ತಂದು, ಮೆಟ್ಟಿಲ ಮೇಲೆ ಕೂತು ಬಿಡಿಸುತ್ತಿರುತ್ತಾರೆ. "ಆಯ್ತಾ ನಿಮ್ಮದು?" ಅಂತ ಒಂದೇ ಮಾತು. ಅಂಕಲ್ ಉತ್ತರ ಕೊಡುವುದಿಲ್ಲ. ಮೂರೂ ಕಾರನ್ನು ಮತ್ತೆ ಮೊದಲಿನ ಹಾಗೆ ಜೋಡಿಸಬೇಕಲ್ಲ.

ಒಂದೊಂದು ಕಾರಿಗೂ ಒಂದೊಂದು ಕಾರಣ ಇದೆ, ಅದನ್ನು ಒಪ್ಪಬೇಕು. ಧರ್ಮಸ್ಥಳ, ತಿರುಪತಿಗೆ ಇನ್ನೋವಾ. ಮದುವೆ ಮನೆ ಮುಂದೆ ಇಳಿಯೋಕೆ ಫಾರ್ಚೂನರ್. ಮಗನಿಗೆ ಪರಿಸರದ ಮೇಲೆ ಪ್ರೀತಿ, ಹಾಗಾಗಿ ಎಲೆಕ್ಟ್ರಿಕ್ ಕಾರು. ಅದರ ಚಾರ್ಜಿಂಗ್ ವೈರು ಮೊದಲನೇ ಮಹಡಿ ಬಾಲ್ಕನಿಯಿಂದ ಇಳಿದು, ಕೇಬಲ್ ಟೀವಿಯವರ ತಂತಿಗೆ ಒಂದು ಸುತ್ತು ಹಾಕಿಕೊಂಡು, ಫುಟ್‌ಪಾತ್ ದಾಟಿ ರಸ್ತೆಗೆ ಬರುತ್ತದೆ. ಬೀದಿ ನಾಯಿಯೊಂದು ದಿನಾ ಅದರ ಪಕ್ಕದಲ್ಲೇ ಮಲಗುತ್ತದೆ. ಅದಕ್ಕೇನು ಚಾರ್ಜ್ ಆಗುತ್ತದೋ.

ಒಂದು ದಿನ ಕೆಲಸವಿಲ್ಲದೆ ಲೆಕ್ಕಕ್ಕೆ ಕೂತೆ. ಸೈಟು 30-40. ಅಂದರೆ ರಸ್ತೆ ಕಡೆ ಮೂವತ್ತು ಅಡಿ. ಗೇಟಿನ ಹೊರಗೆ ನಿಂತಿರುವ ನಾಲ್ಕು ಕಾರುಗಳ ಉದ್ದ ಕೂಡಿಸಿದರೆ ಐವತ್ತೇಳು ಅಡಿ. ಮೂವತ್ತಡಿ ಮನೆಗೆ ಐವತ್ತೇಳು ಅಡಿ ಕಾರು! ಮಿಕ್ಕ ಇಪ್ಪತ್ತೇಳು ಅಡಿ ಎಲ್ಲಿದೆ ಅಂತ ಯಾರಾದರೂ ಕೇಳಿದರೆ ನನ್ನ ಮನೆಗೆ ಕರೆದು ಕಿಟಕಿ ತೋರಿಸುತ್ತೇನೆ.

ಇನ್ನೊಂದು ಲೆಕ್ಕ ಇದಕ್ಕಿಂತ ರುಚಿಯಾಗಿದೆ. ಒಂದು ಕಾರು ನಿಲ್ಲಿಸೋಕೆ ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದದ ಜಾಗ ಬೇಕು ಅಂತ ಕಟ್ಟಡದ ಬೈಲಾ ಹೇಳುತ್ತದೆ. ಅದು ಹತ್ತಿರ ಹತ್ತಿರ 148 ಚದರಡಿ. ಚದರಡಿಗೆ ಹತ್ತು ಸಾವಿರ ಅಂತ ಇಟ್ಟುಕೊಳ್ಳೋಣ. ನಮ್ಮ ಕಡೆ ಬ್ರೋಕರು ಆ ರೇಟು ಕೇಳಿದರೆ ನಗುತ್ತಾನೆ, ಇರಲಿ. ಒಂದು ಕಾರಿನ ಕೆಳಗಿನ ನೆಲಕ್ಕೇ ಸುಮಾರು 15 ಲಕ್ಷ ಆಯಿತು. ಸ್ವಿಫ್ಟ್ ಗಿಂತ ಸ್ವಿಫ್ಟ್ ಕೆಳಗಿನ ಡಾಂಬರು ದುಬಾರಿ. ನಾಲ್ಕು ಕಾರಿಗೆ 60 ಲಕ್ಷದ ಜಾಗ, ರಿಜಿಸ್ಟ್ರೇಷನ್ ಇಲ್ಲ, ಖಾತೆ ಇಲ್ಲ, ಕಂದಾಯ ಇಲ್ಲ. ಬರೀ ಹ್ಯಾಂಡ್‌ಬ್ರೇಕ್ ಎಳೆದರೆ ಸ್ವಾಧೀನ.

ಇದನ್ನು ಅಂಕಲ್ ಹತ್ತಿರ ಹೇಳಿದೆ. ಅವರು ಶಾಂತವಾಗಿಯೇ ಅಂದರು, "ನೋಡಪ್ಪಾ, ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದ್ದೀನಿ. ಕರ್ನಾಟಕದಲ್ಲಿ ಎಷ್ಟು ಕಟ್ತೀವಿ ಗೊತ್ತಲ್ವಾ?" ಗೊತ್ತು. ಆದರೆ ಅದು ರಸ್ತೆ ಮೇಲೆ ಓಡೋಕೆ ಕಟ್ಟುವ ಟ್ಯಾಕ್ಸು ಅಂತ ನಾನು ತಿಳಿದಿದ್ದೆ. ಲೈಫ್‌ಟೈಮ್ ನಿಲ್ಲೋಕೆ ಅಂತ ಅವರು ತಿಳಿದಿದ್ದಾರೆ.

ನಾನೂ ಸಾಚಾ ಅಲ್ಲ. ನನ್ನದು ಒಂದೇ ಕಾರು, ಪೋರ್ಟಿಕೋದಲ್ಲೇ ಇದೆ. ಆದರೆ ಗೇಟಿನ ಹೊರಗೆ ಎರಡು ಹಳೇ ಪೇಂಟ್ ಡಬ್ಬಕ್ಕೆ ಕಾಂಕ್ರೀಟ್ ತುಂಬಿ, ಮಧ್ಯೆ ಪೈಪ್ ನೆಟ್ಟು, ಪೈಪಿಗೆ ಹಗ್ಗ ಕಟ್ಟಿದ್ದೇನೆ. ಗೇಟಿಗೆ 'ನೋ ಪಾರ್ಕಿಂಗ್, ಗಾಳಿ ತೆಗೆಯಲಾಗುವುದು' ಅಂತ ತಗಡಿನ ಬೋರ್ಡು. ಇಂಥ ಬೋರ್ಡನ್ನು ಯಾರೂ ದುಡ್ಡು ಕೊಟ್ಟು ತರುವುದಿಲ್ಲ. ಟ್ಯೂಷನ್ ಸೆಂಟರಿನವರು ರಾತ್ರೋರಾತ್ರಿ ಕಟ್ಟಿ ಹೋಗುತ್ತಾರೆ. ಅರ್ಧ ಬೋರ್ಡಿನಲ್ಲಿ ಬೆದರಿಕೆ, ಇನ್ನರ್ಧದಲ್ಲಿ ಗಣಿತ, ವಿಜ್ಞಾನ, ಹಿಂದಿ. ಇವತ್ತಿನವರೆಗೆ ನಾನು ಯಾರ ಗಾಳಿಯನ್ನೂ ತೆಗೆದಿಲ್ಲ. ಗಾಳಿ ತೆಗೆದ ಕಾರು ಅಲ್ಲಿಂದ ಹೋಗುವುದಾದರೂ ಹೇಗೆ? ಈ ಪ್ರಶ್ನೆ ಇಷ್ಟು ವರ್ಷ ಬೆಂಗಳೂರಿನಲ್ಲಿ ಯಾರಿಗೂ ಹೊಳೆದ ಹಾಗಿಲ್ಲ.

ಇನ್ನು ಮುಖ್ಯ ವಿಷಯ. ಇಷ್ಟು ದೊಡ್ಡ ಮನೆ ಕಟ್ಟಿದವರು ಕಾರಿಗೆ ಜಾಗ ಬಿಡಲಿಲ್ಲವಾ? ಬಿಟ್ಟಿದ್ದಾರೆ! ಮಂಜೂರಾದ ಪ್ಲಾನ್ ನಾನೇ ನೋಡಿದ್ದೇನೆ. ಕೆಳಗಡೆ ಎರಡು ಕಾರು ಬರೆದಿದ್ದಾರೆ, ಮೇಲಿಂದ ನೋಡಿದ ಹಾಗೆ, ಸ್ಟೇರಿಂಗ್ ಸಮೇತ. ಅದರಲ್ಲಿ ಒಂದು ಕಾರು ಈಗ ಸಿಂಗಲ್ ರೂಮ್. ತಿಂಗಳಿಗೆ ಒಂಬತ್ತು ಸಾವಿರ ಬಾಡಿಗೆ, ನೀರಿಗೆ ಬೇರೆ. ಅಲ್ಲಿರುವ ಹುಡುಗನ ಬೈಕೂ ರಸ್ತೆಯಲ್ಲೇ. ಇನ್ನೊಂದು ಕಾರಿನ ಜಾಗಕ್ಕೆ ಶಟರ್ ಎಳೆದು ಬೀಗ ಹಾಕಿದ್ದಾರೆ. ಅದನ್ನು ಅವರು ಕಾರ್ ಶೆಡ್ಡು ಅನ್ನುತ್ತಾರೆ. ಗ್ಯಾರೇಜ್ ಅನ್ನುವುದಿಲ್ಲ, ನಮ್ಮಲ್ಲಿ ಗ್ಯಾರೇಜ್ ಅಂದರೆ ಕೆಟ್ಟ ಗಾಡಿ ಬಿಡುವ ಅಂಗಡಿ. ಒಳ್ಳೆಯ ಗಾಡಿ ರಸ್ತೆಯಲ್ಲಿರುತ್ತದೆ.

ಸರ್ಕಾರ ಸುಮ್ನೆ ಕೂತಿಲ್ಲ. ಮನೆ ಮುಂದೆ ರಸ್ತೆಯಲ್ಲಿ ಕಾರು ನಿಲ್ಲಿಸಬೇಕಾದರೆ ವರ್ಷಕ್ಕೆ 1,000ದಿಂದ 5,000 ರೂಪಾಯಿ ಕೊಟ್ಟು ಪರ್ಮಿಟ್ ಪಡೆಯಬೇಕು ಅಂತ 2021ರ ಹೊತ್ತಿಗೆ ಪಾರ್ಕಿಂಗ್ ನೀತಿ ಬಂದಿತ್ತು. ದೊಡ್ಡ ಕಾರಿಗೆ ಜಾಸ್ತಿ, ಚಿಕ್ಕದಕ್ಕೆ ಕಮ್ಮಿ. ಆ ಪರ್ಮಿಟ್ಟಿಗೆ ನಮ್ಮ ಬೀದಿಯಲ್ಲಿ ಮಾತ್ರ ನಿಲ್ಲೋಕೆ ಜಾಗ ಸಿಕ್ಕಿಲ್ಲ. ಆಮೇಲೆ 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಊರಿಗೆ ಐದು ಪಾಲಿಕೆ ಬಂದವು. ಅಂಕಲ್‌ಗೆ ಇದು ಹಿಡಿಸಿತು. ಐದು ಕಾರು, ಐದು ಪಾಲಿಕೆ. ಪಾಲಿಕೆಗೊಂದು ಅಂತ ಹಂಚಿದರೆ ಇವರದ್ದು ಒಂದೇ ಕಾರಿನ ಸಂಸಾರ.

ಜಪಾನಿನ ಕತೆ ಹೇಳಿದರೆ ಮಾತ್ರ ಅವರಿಗೆ ಸಿಟ್ಟು ಬರುತ್ತದೆ. ಅಲ್ಲಿ 1962ರಿಂದ ಕಾನೂನು. ಕಾರು ನಿಲ್ಲಿಸೋಕೆ ಮನೆಯಿಂದ ಎರಡು ಕಿಲೋಮೀಟರ್ ಒಳಗೆ, ರಸ್ತೆ ಬಿಟ್ಟು ಬೇರೆ ಜಾಗ ಇದೆ ಅಂತ ತೋರಿಸಬೇಕು, ಪೊಲೀಸರಿಂದ ಸರ್ಟಿಫಿಕೇಟ್ ತರಬೇಕು. "ಎರಡು ಕಿಲೋಮೀಟರ್ ಒಳಗೆ ತಾನೆ? ಎಷ್ಟು ಬೇಕಾದ್ರೂ ತೋರಿಸ್ತೀನಿ" ಅಂದರು ಅಂಕಲ್. ಬೆರಳು ಮಡಚಿ ಎಣಿಸಿಯೂ ಬಿಟ್ಟರು. ಮೂಲೆಯ ಖಾಲಿ ಸೈಟು, ಪಾರ್ಕಿನ ಬೇಲಿ ಪಕ್ಕ, ಶನಿಮಹಾತ್ಮ ದೇವಸ್ಥಾನದ ಮುಂದೆ. ಶನಿವಾರ ಒಂದು ಬಿಟ್ಟು. ನಾಲ್ಕನೇ ಬೆರಳಿಗೆ ಬಂದಾಗ ನನ್ನ ಮುಖ ನೋಡಿ ನಿಲ್ಲಿಸಿದರು.

ಇದೆಲ್ಲ ಹೀಗೇ ನಡೆಯುತ್ತಿತ್ತು. ಕೆಟ್ಟಿದ್ದು ಮೊಬೈಲಿನಿಂದ. ಮನೆಯಲ್ಲಿರುವ ಪಾರ್ಕಿಂಗ್ ಜಾಗವನ್ನು ಪೂರ್ತಿ ಬಳಸುವುದು ಹೇಗೆ ಅಂತ ಅಂಕಲ್ ವಿಡಿಯೋ ನೋಡಿದರು. ಯಾವುದೋ ದೇಶದಲ್ಲಿ ಒಬ್ಬ ಬಟನ್ ಒತ್ತುತ್ತಾನೆ, ಕಾರು ಮೇಲಕ್ಕೆ ಹೋಗುತ್ತದೆ, ಅದರ ಕೆಳಗೆ ಇನ್ನೊಂದು ಕಾರು ಬರುತ್ತದೆ. ಮರುದಿನವೇ ಲಿಫ್ಟ್ ಹಾಕುವ ಎಂಜಿನಿಯರ್ ಹುಡುಗನೊಬ್ಬ ಟೇಪ್ ಹಿಡಿದು ಬಂದ. ನಾನೂ ಹೋದೆ. ಇಂಥದ್ದೆಲ್ಲ ತಪ್ಪಿಸಿಕೊಳ್ಳಬಾರದು.

ಹುಡುಗ ಶಟರ್ ಮುಂದೆ ನಿಂತು ತೊಲೆಯ ಕೆಳಗಿನ ಎತ್ತರ ಅಳೆದ. ಎಂಟಡಿ. ಫಾರ್ಚೂನರ್ ಎತ್ತರವೇ ಆರಡಿ. "ಸಾರ್, ಮೇಲೆ ಎರಡಡಿ ಉಳಿಯುತ್ತೆ" ಅಂದ.

"ಅದರಲ್ಲಿ ಏನಿಡಬಹುದು?"

"ಸೈಕಲ್ ಮಲಗಿಸಬಹುದು ಸಾರ್."

"ಹಾಗಾದ್ರೆ ಗುಂಡಿ ತೋಡಿ ಕೆಳಗೆ ಒಂದು ಇಳಿಸೋಣ" ಅಂದರು ಅಂಕಲ್. ಮೆಟ್ಟಿಲ ಮೇಲೆ ಕೂತಿದ್ದ ಆಂಟಿ ತಲೆ ಎತ್ತಲಿಲ್ಲ. "ಕೆಳಗೆ ಸಂಪ್ ಇದೆ" ಅಂದರು.

ಹುಡುಗ ಒಳ್ಳೆಯವನು, ಬಂದ ಕೆಲಸ ಬಿಡುವವನಲ್ಲ. "ಒಳಗಿನ ಅಳತೆನಾದ್ರೂ ತಗೊಳ್ತೀನಿ, ಶಟರ್ ತೆಗೀರಿ ಸಾರ್" ಅಂದ. ಬೀಗದ ಕೈ ಹುಡುಕೋಕೆ ಅರ್ಧ ಗಂಟೆ. ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡೋಕೆ ಇನ್ನಷ್ಟು ಹೊತ್ತು. ಶಟರ್ ಕಿರ್ರೆಂದು ಮೇಲೆದ್ದಾಗ ಮೊದಲು ಹೊರಗೆ ಬಂದದ್ದು ಒಂದು ಹೆಗ್ಗಣ. ಅದೂ ಪೂರ್ತಿ ಗಾಬರಿಯಿಂದೇನೂ ಬರಲಿಲ್ಲ.

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಮನೆ ಕಟ್ಟಿದಾಗ ಮಿಕ್ಕ ಗ್ರಾನೈಟ್ ಚಪ್ಪಡಿ, ಬಚ್ಚಲಿನ ಟೈಲ್ಸ್, ಗಟ್ಟಿಯಾದ ಸಿಮೆಂಟ್ ಮೂಟೆ. ಮಗನ ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆ, ಇನ್ನೂ ಬಣ್ಣದ ಕಾಗದದಲ್ಲೇ. ದಸರಾ ಗೊಂಬೆಯ ಡಬ್ಬ. ಬಟ್ಟೆ ಒಣಗಿಸುವ ಕೆಲಸದಿಂದಲೂ ನಿವೃತ್ತಿಯಾದ ಒಂದು ಟ್ರೆಡ್‌ಮಿಲ್. ವಾಷಿಂಗ್ ಮೆಷಿನ್ನಿನ ಖಾಲಿ ಡಬ್ಬ. "ವಾರಂಟಿಗೆ ಬೇಕು" ಅಂದರು ಅಂಕಲ್. ಮೆಷಿನ್ ಗುಜರಿಗೆ ಹೋಗಿ ಆರು ವರ್ಷ ಆಗಿದೆ. ಹೀಗೆ ಬೀದಿ ಅರ್ಧ ತುಂಬಿತು. ಕಸದ ಆಟೋದವನು ಬಂದವನು ಇದೆಲ್ಲ ತನಗೇ ಅಂದುಕೊಂಡು ಹೆದರಿ ಹಿಂದಕ್ಕೆ ಹೋದ.

ಕೊನೆಗೆ ಗೋಡೆ ಪಕ್ಕ ಒಂದು ನೀಲಿ ಟಾರ್ಪಾಲು ಉಳಿಯಿತು. ಹುಡುಗ ಅಳತೆಗೆ ಅಡ್ಡ ಅಂತ ಅದರ ತುದಿ ಎತ್ತಿದ. ಕೆಳಗೆ ಒಂದು ಹೆಡ್‌ಲೈಟ್ ಕಾಣಿಸಿತು.

ಬಿಳಿ ಮಾರುತಿ 800.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಂಕಲ್ ಬಾನೆಟ್ ಮೇಲೆ ಕೈ ಇಟ್ಟು, "ಇದನ್ನ ಮಾರಿದ್ವಲ್ವಾ?" ಅಂತ ಆಂಟಿಯ ಕಡೆ ನೋಡಿದರು. "ನೀವು ಮಾರ್ತೀನಿ ಅಂದ್ರಿ" ಅಂದರು ಆಂಟಿ. ಬಾನೆಟ್ ಎತ್ತಿದರು. ಇಲಿ ಬರದಿರಲಿ ಅಂತ ಯಾವ ಕಾಲದಲ್ಲೋ ಇಟ್ಟಿದ್ದ ಹೊಗೆಸೊಪ್ಪು ಹಾಗೇ ಇತ್ತು. ಅದರ ಪಕ್ಕದಲ್ಲೇ ಮದುವೆ ಪತ್ರಿಕೆಗಳನ್ನು ಸಣ್ಣಗೆ ಹರಿದು ಮಾಡಿದ ಬೆಚ್ಚನೆಯ ಗೂಡು. ಡ್ಯಾಶ್‌ಬೋರ್ಡಿನ ಪುಟ್ಟ ಗಣಪತಿ ಮಾತ್ರ ಇದ್ದ ಹಾಗೇ ಕೂತಿದ್ದ.

ಹುಡುಗ ಟೇಪ್ ಮಡಚಿದ. "ಸಾರ್, ಲಿಫ್ಟ್ ಬೇಡ. ಇಷ್ಟು ಖಾಲಿ ಆಯ್ತಲ್ಲ, ಈ ಹಳೇದನ್ನ ಗುಜರಿಗೆ ಕೊಟ್ಟು ಸ್ವಿಫ್ಟ್ ಒಳಗೆ ಬಿಡಿ. ಆರಾಮಾಗಿ ಹಿಡಿಯುತ್ತೆ." ಇಡೀ ದಿನದಲ್ಲಿ ನನ್ನ ಕಿವಿಗೆ ಬಿದ್ದ ಒಂದೇ ಬುದ್ಧಿಯ ಮಾತು ಅದು. ಅವನಿಗೆ ಒಂದು ರೂಪಾಯಿಯೂ ಹುಟ್ಟದ ಮಾತು ಬೇರೆ. ಅಂಕಲ್ ಅವನನ್ನು ಹೆತ್ತ ಮಗುವನ್ನು ಮಾರು ಅಂದವನ ಹಾಗೆ ನೋಡಿದರು.

ಸಂಜೆಗೆ ಗ್ರಾನೈಟ್, ಪಾತ್ರೆ, ಟ್ರೆಡ್‌ಮಿಲ್, ವಾರಂಟಿ ಡಬ್ಬ ಎಲ್ಲ ಮತ್ತೆ ಒಳಗೆ ಹೋದವು. ಈ ಸಲ ನೀಟಾಗಿ ಜೋಡಿಸಿದರು, ವಿಡಿಯೋದಲ್ಲಿ ತೋರಿಸಿದ ಹಾಗೆ ಗೋಡೆಗೆ ಕೊಕ್ಕೆ ಹೊಡೆದು, ರ‍್ಯಾಕ್ ಹಾಕಿ. ಜಾಗ ಎಷ್ಟು ಚೆನ್ನಾಗಿ ಉಳಿಯಿತೆಂದರೆ ಹೊಸ ಸೋಫಾ ಬಂದ ಮೇಲೆ ಹಳೇ ಸೋಫಾ ಕೂಡ ಹಿಡಿಯಿತು. ಶಟರ್ ಎಳೆದು ಬೀಗ ಹಾಕಿದರು.

800ಕ್ಕೆ ಹೊಸ ಬ್ಯಾಟರಿ ಬಂದಿದೆ, ಹೊಸ ಕವರ್ ಬಂದಿದೆ. ಆಯುಧ ಪೂಜೆಗೆ ಕಾರಿಗೆ ನಾಲ್ಕರಂತೆ ಇಪ್ಪತ್ತು ನಿಂಬೆಹಣ್ಣು ತರುತ್ತಿದ್ದ ಆಂಟಿ ಈ ಸಲ ಇಪ್ಪತ್ನಾಲ್ಕು ತಂದರು, ನಡೆದುಕೊಂಡೇ ಹೋಗಿ. ಪೂಜೆ ಆದ ಮೇಲೆ ಪ್ರಸಾದದ ಪುರಿ, ಕಡ್ಲೆ ಹಿಡಿದು ಅಂಕಲ್ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತು, "ಅಪ್ಪಾ, ಆ ನಿನ್ನ ಪೇಂಟ್ ಡಬ್ಬ ಎರಡನ್ನೂ ಒಂಚೂರು ಆ ಕಡೆ ಸರಿಸ್ತೀಯಾ? ಚಿಕ್ಕ ಗಾಡಿ, ಜಾಸ್ತಿ ಜಾಗ ಏನೂ ಬೇಡ" ಅಂದರು.