ಕುಕ್ಕರ್ ಕೂಗಿದಾಗ ಫ್ಲ್ಯಾಶ್ ನಿಂತ

ಇವತ್ತು ಮಧ್ಯಾಹ್ನ ಐದು ಮಸಾಲೆ ದೋಸೆ, ಐದು ಕಾಫಿಗೆ ದುಡ್ಡು ಕೊಟ್ಟು ಬಂದೆ. ನಾನು ತಿಂದದ್ದು ಒಂದೇ ದೋಸೆ. ಉಳಿದ ನಾಲ್ಕನ್ನು ತಿಂದವರು ಬೆಣ್ಣೆ ಬೇರೆ ಜಾಸ್ತಿ ಹಾಕಿಸಿಕೊಂಡರು. ಇದಕ್ಕೆಲ್ಲ ಕಾರಣ ನಮ್ಮ ಮನೆಯ ಐದು ಲೀಟರ್ ಕುಕ್ಕರ್.

ವಿಷಯ ಇಷ್ಟು. ಆಫೀಸಿನಲ್ಲಿ ನಾವು ಐದು ಜನ 'ದಿ ಫ್ಲ್ಯಾಶ್' ಧಾರಾವಾಹಿಯನ್ನು ಮೊದಲಿನಿಂದ ಮತ್ತೆ ನೋಡುತ್ತಿದ್ದೇವೆ. ವಾರಕ್ಕೊಂದು ಕಂತು. ಸರದಿ ಬಂದವರು ಒಂದು ಪುಟ ವಿಮರ್ಶೆ ಬರೆದು ಸೋಮವಾರ ಊಟದ ಹೊತ್ತಿಗೆ ಓದಬೇಕು. ಬರೆಯದಿದ್ದರೆ ಎಲ್ಲರಿಗೂ ದೋಸೆ. ಮದುವೆಯಾಗಿ, ಸಾಲ ಮಾಡಿ, ತಲೆಗೂದಲು ಉದುರಿದವರು ಮಾಡುವ ಕೆಲಸವಾ ಇದು ಅಂತ ಕೇಳಬೇಡಿ. ನನ್ನ ಹೆಂಡತಿ ಆಗಲೇ ಕೇಳಿದ್ದಾಳೆ.

2014ರ ಅಕ್ಟೋಬರಿನಲ್ಲಿ ಅಮೆರಿಕದ ಸಿಡಬ್ಲ್ಯೂ ಚಾನೆಲ್ಲಿನಲ್ಲಿ ಶುರುವಾದ ಈ ಧಾರಾವಾಹಿ 2023ರ ಮೇ ತಿಂಗಳವರೆಗೆ ಓಡಿತು. ಒಂಬತ್ತು ಸೀಸನ್, 184 ಕಂತು. ನಾಯಕ ಬ್ಯಾರಿ ಅಲೆನ್ ಪೊಲೀಸ್ ಲ್ಯಾಬಿನಲ್ಲಿ ಕೆಲಸ ಮಾಡುವ ಬಡಕಲು ಹುಡುಗ. ಸಿಡಿಲು ಹೊಡೆದು ಒಂಬತ್ತು ತಿಂಗಳು ಕೋಮಾದಲ್ಲಿ ಮಲಗಿ ಎದ್ದ ಮೇಲೆ ಮಿಂಚಿನ ಹಾಗೆ ಓಡುತ್ತಾನೆ. "ನಾನು ಬದುಕಿರುವವರಲ್ಲೇ ಅತಿ ವೇಗದ ಮನುಷ್ಯ" ಅಂತ ಕಂತು ಶುರುವಾಗುವಾಗ ತಾನೇ ಹೇಳಿಕೊಳ್ಳುತ್ತಾನೆ. ಹೇಳಿದ ಮೇಲೆ ನಿಂತುಬಿಡುತ್ತಾನೆ. ಊರಿಗೆ ಊರೇ ಬೀಳುತ್ತಿರುವಾಗ ಇವನು ಲ್ಯಾಬಿನ ಪ್ಯಾಸೇಜಿನಲ್ಲಿ ಗೋಡೆಗೆ ಒರಗಿ ಬೇಜಾರು ಮಾಡಿಕೊಂಡಿರುತ್ತಾನೆ. ಹಿಂದೆಯೇ ಒಬ್ಬರು ಬಂದು ಧೈರ್ಯ ಹೇಳುತ್ತಾರೆ. ಅದು ಮುಗಿದ ಮೇಲೆ ಓಟ. ನನ್ನ ಲೆಕ್ಕದಲ್ಲಿ ನಲವತ್ತು ಚಿಲ್ಲರೆ ನಿಮಿಷದ ಕಂತಿನಲ್ಲಿ ಓಟ ನಾಲ್ಕು ನಿಮಿಷ ದಾಟುವುದಿಲ್ಲ.

ಅಮ್ಮ ಮೊದಲ ಕಂತಿನಿಂದಲೂ ನನ್ನ ಪಕ್ಕದಲ್ಲೇ ಕೂತು ನೋಡುತ್ತಿದ್ದಾಳೆ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ಕನ್ನಡದಲ್ಲಿ ಹೇಳಲು ಹೋದರೆ "ನೀನು ಸುಮ್ನಿರು, ಗೊತ್ತಾಗುತ್ತೆ" ಅನ್ನುತ್ತಾಳೆ. ನಿಜಕ್ಕೂ ಗೊತ್ತಾಗುತ್ತದೆ. ಒಂಬತ್ತು ತಿಂಗಳು ಕೋಮಾ ಅಂದಾಗ "ಇನ್ನೊಂದ್ಸಲ ಹುಟ್ಟಿದ ಹಾಗಾಯ್ತು ಬಿಡು" ಅಂದವಳು ಅವಳೇ. ಇದೇ ಧಾರಾವಾಹಿಯನ್ನು ಎರಡನೇ ಸಲ ನೋಡುತ್ತಿರುವ ನನಗೆ ಅದು ಹೊಳೆದಿರಲಿಲ್ಲ.

ಅವಳ ದೃಷ್ಟಿಯಲ್ಲಿ ಇದು ಸೂಪರ್‌ಹೀರೊ ಕಥೆಯೇ ಅಲ್ಲ, ಸಂಜೆ ಏಳೂವರೆಯ ಸೀರಿಯಲ್. ಹುಡುಗನಿಗೆ ಹನ್ನೊಂದು ವರ್ಷವಿದ್ದಾಗ ತಾಯಿಯ ಕೊಲೆಯಾಗುತ್ತದೆ. ತಪ್ಪೇ ಮಾಡದ ತಂದೆ ಜೈಲು ಸೇರುತ್ತಾನೆ. ಜೋ ಎಂಬ ಪೊಲೀಸಪ್ಪ ಹುಡುಗನನ್ನು ಮನೆಗೆ ಕರೆದುಕೊಂಡು ಹೋಗಿ ತನ್ನ ಮಗಳು ಐರಿಸ್ ಜೊತೆ ಸಾಕುತ್ತಾನೆ. ಮುಂದೆ ಅವರಿಬ್ಬರೂ ಮದುವೆಯಾಗುತ್ತಾರೆ ಅಂತ ಒಂದು ದಿನ ಬಾಯಿ ತಪ್ಪಿ ಹೇಳಿಬಿಟ್ಟೆ. "ರಾಮ ರಾಮ! ಒಂದೇ ಮನೇಲಿ ಉಂಡು ಬೆಳೆದೋರು!" ಅಂತ ಅಮ್ಮ ಎರಡು ವಾರ ಐರಿಸ್ ಮುಖ ನೋಡಲಿಲ್ಲ.

ಬ್ಯಾರಿಗೆ ಸಹಾಯ ಮಾಡುವ ವಿಜ್ಞಾನಿ ಡಾಕ್ಟರ್ ವೆಲ್ಸ್ ವಿಷಯದಲ್ಲಂತೂ ನಾನು ಸೋತೆ.

"ಇವನೇ ಅಲ್ವೇನೋ ಹುಡುಗನ ತಾಯೀನ ಕೊಂದದ್ದು? ಮತ್ತೆ ಯಾಕೆ ಒಳಗೆ ಬಿಟ್ಕೊಂಡಿದ್ದಾರೆ?"

"ಅವನಲ್ಲಮ್ಮ. ಕೊಂದವನು ವೆಲ್ಸ್ ವೇಷದಲ್ಲಿದ್ದ ಬೇರೆಯವನು. ಇವನು ಇನ್ನೊಂದು ಭೂಮಿಯಿಂದ ಬಂದ ಇನ್ನೊಬ್ಬ ವೆಲ್ಸ್."

"ಮುಖ ಅದೇ ಇದೆ."

"ಮುಖ ಅದೇ. ಮನುಷ್ಯ ಬೇರೆ."

"ಡಬಲ್ ಆಕ್ಟಿಂಗ್ ಅಂತ ಹೇಳೋಕೆ ಏನು ರೋಗ ನಿಂಗೆ?"

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ರಿಮೋಟು. ಎರಡು ತಿಂಗಳ ಹಿಂದೆ ಅಮ್ಮ ಅದರಲ್ಲಿ ನಿಲ್ಲಿಸುವ ಗುಂಡಿ ಕಂಡುಹಿಡಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾವುದೂ ತನ್ನಷ್ಟಕ್ಕೆ ಮುಂದೆ ಹೋಗಿಲ್ಲ.

ನಿನ್ನೆ ರಾತ್ರಿ ನನ್ನ ಸರದಿಯ ಕಂತು. ಎರಡನೇ ಸೀಸನ್ನಿನ ಇಪ್ಪತ್ತೊಂದನೆಯದು, 'ದಿ ರನ್‌ಅವೇ ಡೈನೊಸಾರ್'. 2016ರ ಮೇ 10ರಂದು ಪ್ರಸಾರವಾದದ್ದು, ಕೆವಿನ್ ಸ್ಮಿತ್ ನಿರ್ದೇಶನ. ಅಭಿಮಾನಿಗಳು ಮೆಚ್ಚುವ ಕಂತು ಅಂತ ನಾನು ನೋಟ್‌ಬುಕ್ಕು, ಪೆನ್ನು ಹಿಡಿದು ಕೂತೆ. ಗಂಟೆ ಏಳೂವರೆ.

ಎರಡನೇ ನಿಮಿಷಕ್ಕೆ ಮೊದಲ ಕೂಗು. ಬ್ಯಾರಿ ನಿಂತ. ಅಮ್ಮ ಅಡುಗೆಮನೆಗೆ ಹೋಗಿ ಉರಿ ಸಣ್ಣ ಮಾಡಿ, ಹೋದದ್ದು ಹೋದೆ ಅಂತ ಒಗ್ಗರಣೆಗೆ ಸಾಸಿವೆ ತೆಗೆದಿಟ್ಟು, ಕರಿಬೇವು ತೊಳೆದು ಬಂದಳು. ಶುರುವಾಯಿತು. "ಈ ಝೂಮ್ ಅಂದ್ರೆ ಕೊರೊನಾ ಟೈಮಲ್ಲಿ ಪಾಠ ಮಾಡ್ತಿದ್ರಲ್ಲ, ಅದಾ?" ನಿಂತಿತು. ಝೂಮ್ ಎಂದರೆ ಬ್ಯಾರಿಯ ವೇಗವನ್ನೆಲ್ಲ ಕಿತ್ತುಕೊಂಡ ಖಳನಾಯಕ, ವೇಗ ವಾಪಸ್ ತರಿಸಲು ಹೋಗಿ ಬ್ಯಾರಿ ಮಿಂಚಿನಲ್ಲಿ ಮಾಯವಾದ ಅಂತ ವಿವರಿಸಿದೆ. ಶುರುವಾಯಿತು. ಎರಡನೇ ಕೂಗು. ನಿಂತಿತು. ಅತ್ತ ಲ್ಯಾಬಿನ ಶವಾಗಾರದಿಂದ ಹೋದ ಸೀಸನ್ನಿನಲ್ಲೇ ಸತ್ತಿದ್ದ ಉಕ್ಕಿನ ಮೈಯವನು ಎದ್ದು ಬಂದ. "ಹೋ, ಇಲ್ಲೂ ಸತ್ತೋರು ವಾಪಸ್ ಬರ್ತಾರೆ" ಅಂತ ಅಮ್ಮ ನಿಟ್ಟುಸಿರು ಬಿಟ್ಟಳು. ಅವಳ ಕನ್ನಡ ಸೀರಿಯಲ್ಲಿನಲ್ಲಿ ಕಳೆದ ತಿಂಗಳಷ್ಟೇ ಒಬ್ಬಳು ಜಲಪಾತದಿಂದ ಬಿದ್ದು, ತಲೆಗೆ ಬ್ಯಾಂಡೇಜು ಕಟ್ಟಿಕೊಂಡು ಬಂದಿದ್ದಾಳೆ.

ಮೂರನೇ ಕೂಗಿನ ಜೊತೆಗೆ ಫೋನೂ ಬಂತು, ಮೇಲಿನ ಮನೆಯವರದ್ದು. ಪರದೆಯ ಮೇಲೆ ಜೋ. ಏನೋ ಹೇಳಲು ಬಾಯಿ ತೆರೆದಿದ್ದ, ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ಇನ್ನೊಂದು ಅರ್ಧ. ಸೀನು ಬರುವ ಮುಂಚೆ ಮನುಷ್ಯ ಹೇಗಿರುತ್ತಾನೋ ಹಾಗೆ. ಅಮ್ಮ ಮಾತಾಡುತ್ತಲೇ ಇದ್ದಳು. ಹನ್ನೊಂದು ನಿಮಿಷ ನಾನೂ ಜೋನೂ ಮುಖ ಮುಖ ನೋಡಿಕೊಂಡು ಕೂತೆವು. ಐದನೇ ನಿಮಿಷಕ್ಕೆ ಅವನ ಮೇಲೆ ಕನಿಕರ ಬಂತು. ಎಂಟನೆಯದಕ್ಕೆ ನಾನೇ ಸೀನಿದೆ. ರಿಮೋಟು ಕಿತ್ತುಕೊಳ್ಳೋಣ ಅಂದರೆ ಅದು ಅಮ್ಮನ ಕಂಕುಳಲ್ಲಿತ್ತು.

ಅಷ್ಟರಲ್ಲಿ ಇನ್ನೊಂದು ಅನ್ಯಾಯ ನಡೆಯಿತು. ಅಮ್ಮ ಫೋನಿನಲ್ಲಿ ಅಲ್ಲಿಯವರೆಗಿನ ಕಥೆಯನ್ನೆಲ್ಲ ಹೇಳುತ್ತಿದ್ದಳು. "ಅದೇ ರೀ, ಆ ಓಡೋ ಹುಡುಗ. ಪಾಪ, ಕಾಣೆಯಾಗಿದ್ದಾನೆ. ಬೇರೆ ಲೋಕದಲ್ಲಿ ಸಿಕ್ಕಿಹಾಕ್ಕೊಂಡಿದ್ದಾನೆ. ಅಲ್ಲಿ ಮನೆದೇವ್ರು ಅವರಪ್ಪನ ರೂಪದಲ್ಲಿ, ಸಾಕಿದೋನ ರೂಪದಲ್ಲಿ ಬಂದು ಬೈತಾ ಇದೆ. ಕೊಟ್ಟ ವರಾನ ಬೇಡ ಅಂದ್ನಲ್ಲ, ಅದಕ್ಕೆ."

ನನ್ನ ನೋಟ್‌ಬುಕ್ಕಿನಲ್ಲಿ "ಸ್ಪೀಡ್ ಫೋರ್ಸ್ ಎಂಬ ಪರಿಕಲ್ಪನೆಯ ನಿರೂಪಣೆ" ಅಂತ ಬರೆದು, ಅಡಿಗೆರೆ ಎಳೆದು, ಮುಂದೇನೂ ತೋಚದೆ ಅಡಿಗೆರೆಯನ್ನೇ ದಪ್ಪ ಮಾಡುತ್ತಾ ಕೂತಿದ್ದೆ. ಬ್ಯಾರಿಗೆ ವೇಗ ಕೊಡುವ ಶಕ್ತಿಯ ಹೆಸರೇ ಸ್ಪೀಡ್ ಫೋರ್ಸ್. ಮನೆದೇವ್ರಂತೆ! ಇದಕ್ಕಿಂತ ಸರಿಯಾಗಿ ಹೇಳೋದು ಹೇಗೆ? ಹೊಟ್ಟೆ ಉರಿಯಿತು.

ಗಂಟೆ ಒಂಬತ್ತೂಕಾಲು. ಕೊನೆಗೆ ಆ ದೃಶ್ಯ ಬಂತು. ಬ್ಯಾರಿ ತಾನು ಚಿಕ್ಕವನಾಗಿ ಬೆಳೆದ ಮನೆಯೊಳಗೆ ಹೋಗುತ್ತಾನೆ. ತಾಯಿ ಇದ್ದಾಳೆ. ಅವಳು ನಿಜವಾದ ತಾಯಿಯಲ್ಲ, ಆ ಶಕ್ತಿ ಹಾಕಿಕೊಂಡ ರೂಪ ಅಂತ ಅವನಿಗೂ ಗೊತ್ತು. ಆದರೂ ಪಕ್ಕದಲ್ಲಿ ಕೂರುತ್ತಾನೆ. ಚಿಕ್ಕಂದಿನಲ್ಲಿ ಅವಳು ಓದಿ ಹೇಳುತ್ತಿದ್ದ ಪುಸ್ತಕವನ್ನು ಇಬ್ಬರೂ ಸೇರಿ ಹೇಳಿಕೊಳ್ಳುತ್ತಾರೆ. ಒಂದು ಪುಟ್ಟ ಡೈನೊಸಾರ್ ಮರಿಗೆ ತಾನೂ ದೊಡ್ಡ ಹಲ್ಲಿನ ಡೈನೊಸಾರ್ ಆಗಬೇಕು ಅಂತ ಆಸೆ. ಹಾಗಾದರೆ ನಿನ್ನ ಕೈ ಚೋಟುದ್ದ ಆಗಿಬಿಡುತ್ತದಲ್ಲ, ನನ್ನನ್ನು ತಬ್ಬಿಕೊಳ್ಳೋದು ಹೇಗೆ ಅನ್ನುತ್ತದೆ ತಾಯಿ.

ಅಮ್ಮ ಗುಂಡಿ ಒತ್ತಿದಳು. ನಾನು ಬಾಯಿ ತೆರೆದೆ, ಕಿರುಚಲು.

"ನಮ್ಮಮ್ಮನೂ ಹೇಳ್ತಿದ್ಲು ಕಣೋ," ಅಂದಳು. "ಕುಂಬಳಕಾಯಿ ಅಜ್ಜಿ ಕಥೆ. ಅಜ್ಜಿ ಮಗಳ ಮನೆಗೆ ಹೋಗ್ತಾಳೆ. ದಾರೀಲಿ ಹುಲಿ. ಈಗ ಸಣ್ಣಗಿದೀನಿ, ಮಗಳ ಮನೇಲಿ ತಿಂದು ದಪ್ಪ ಆಗಿ ಬರ್ತೀನಿ, ಆಮೇಲೆ ತಿನ್ನು ಅಂತಾಳೆ. ಬರ್ತಾ ಕುಂಬಳಕಾಯಿ ಒಳಗೆ ಕೂತು ಉರುಳ್ಕೊಂಡು ಬರ್ತಾಳೆ. ಅಷ್ಟೊತ್ತಿಗೆ ನಮ್ಮಮ್ಮನಿಗೆ ನಿದ್ದೆ. ದಿನಾ ಅಷ್ಟೇ. ಬೆಳಗಿಂದ ಗದ್ದೆ, ಕೊಟ್ಟಿಗೆ, ಒಲೆ. ಅಜ್ಜಿ ಮನೆ ಸೇರಿದ್ಲೋ ಇಲ್ವೋ ಅಂತ ನಂಗೆ ಮದುವೆ ಆಗಿ ಈ ಮನೆಗೆ ಬರೋವರೆಗೂ ಗೊತ್ತಾಗ್ಲಿಲ್ಲ. ನಿಮ್ಮ ಅಪ್ಪನ ಅಮ್ಮ ಹೇಳಿದ್ರು."

ನಾನು ಕಿರುಚಲಿಲ್ಲ. ನನಗೆ ನೆನಪಿರುವ ಹಾಗೆ ಅಮ್ಮ ಯಾವ ಸೀರಿಯಲ್ಲನ್ನೂ ಕೂತು ಪೂರ್ತಿ ನೋಡಿದವಳಲ್ಲ. ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಹಾಲು ಉಕ್ಕಿದರೆ ಒಳಕ್ಕೆ ಓಟ, ಮ್ಯೂಸಿಕ್ ಕೇಳಿದರೆ ಹೊರಕ್ಕೆ ಓಟ. "ಏನಾಯ್ತು? ಏನಂದ್ಲು ಅವಳು?" ಅಂತ ನಮ್ಮನ್ನು ಕೇಳುತ್ತಿದ್ದಳು. ನಾವು "ಏನಿಲ್ಲಮ್ಮ" ಅನ್ನುತ್ತಿದ್ದೆವು. ಹೇಳುವಷ್ಟರಲ್ಲಿ ಮುಂದಿನದು ತಪ್ಪಿಹೋಗುತ್ತಲ್ಲ, ಅದಕ್ಕೆ.

"ಹೇಗೆ ಸೇರಿದ್ಲು ಹೇಳಮ್ಮ," ಅಂದೆ. ನನಗೂ ನೆನಪಿರಲಿಲ್ಲ.

"ಹೇಳ್ತೀನಿ. ಹುಲಿ ಕೂತಿತ್ತಾ? ಕುಂಬಳಕಾಯಿ ಉರುಳ್ತಾ ಬಂತಾ..." ಅಂದಳು. ಆಮೇಲೆ ಸದ್ದಿಲ್ಲ. ತಿರುಗಿ ನೋಡಿದೆ. ತಲೆ ಸೋಫಾಕ್ಕೆ ವಾಲಿತ್ತು.

ಕಂತು ಇನ್ನೂ ಸ್ವಲ್ಪ ಬಾಕಿ ಇತ್ತು. ಬ್ಯಾರಿ ವಾಪಸ್ ಬರಬೇಕು, ಉಕ್ಕಿನ ಹೆಣವನ್ನು ಮಲಗಿಸಬೇಕು, ನಾನು ವಿಮರ್ಶೆ ಬರೆಯಬೇಕು. ಈ ಕಂತು ಮುಗಿದರೂ ಇನ್ನು 140 ಇವೆ, ವಾರಕ್ಕೊಂದರಂತೆ ಎರಡು ವರ್ಷ ಎಂಟು ತಿಂಗಳು. ರಿಮೋಟು ಅಮ್ಮನ ಮುಷ್ಟಿಯಲ್ಲಿತ್ತು. ಒಂದು ಬೆರಳು ಸರಿಸಿ ನೋಡಿದೆ. ನಿದ್ದೆಯಲ್ಲೇ ಹಿಡಿತ ಬಿಗಿಯಾಯಿತು. ಟಿವಿಯಲ್ಲಿ ಬ್ಯಾರಿ ಅರ್ಧ ತೆರೆದ ಬಾಯಿಯಲ್ಲಿ ಅವನ ಅಮ್ಮನ ಪಕ್ಕ ಕೂತಿದ್ದ. ಇಬ್ಬರೂ ನಮ್ಮನ್ನೇ ನೋಡುತ್ತಿದ್ದ ಹಾಗಿತ್ತು. ಅಡುಗೆಮನೆಯಲ್ಲಿ ಕುಕ್ಕರ್ ಪ್ರೆಶರ್ ಇಳಿದು ತಣ್ಣಗಾಗಿತ್ತು. ಯಾರೂ ಮುಚ್ಚಳ ತೆಗೆದಿರಲಿಲ್ಲ.