ಪರದೆ ಹಿಂದಿನ ಡಬ್ಬಕ್ಕೂ ಕನ್ನಡ ಬರಬೇಕು

ಕೆಲವು ವರ್ಷದ ಹಿಂದೆ ತಾಲ್ಲೂಕು ಕೇಂದ್ರವೊಂದರ ಆಸ್ಪತ್ರೆಯಲ್ಲಿ ಟೋಕನ್ ಪರದೆ ಹಾಕಿ ಮುಗಿಸಿದ್ದೆ. ಗೋಡೆ ಮೇಲೆ 43 ಇಂಚಿನ ಟಿವಿ, ಅದರ ಬೆನ್ನಿಗೆ ಅಂಗೈಯಗಲದ ಒಂದು ಪ್ಲೇಯರ್ ಡಬ್ಬ, ಟಿವಿಗೆ ಅಕ್ಷರ, ಚಿತ್ರ ಎಲ್ಲ ಕಳಿಸೋದು ಇದೇ. ರೋಗಿಯ ಹೆಸರು, ಟೋಕನ್ ನಂಬರು, ಯಾವ ಕೊಠಡಿ ಅಂತ ಒಂದರ ಹಿಂದೆ ಒಂದು ಬರಬೇಕು. ಬರ್ತಾನೂ ಇತ್ತು. ಬೆಂಚಿನ ತುದಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೈಲಿ ಚೀಟಿ ಹಿಡ್ಕೊಂಡು ನನ್ನ ಕರೆದರು. "ಯಪ್ಪಾ, ನನ್ನ ಹೆಸರು ಬಂದೈತೇನ್ ನೋಡು, ಬಾಳ ಹೊತ್ತಾತು ಕುಂತು."

ಅವರ ಹೆಸರು ಚನ್ನಮ್ಮ ಅಂತಿಟ್ಟುಕೊಳ್ಳಿ. ಪರದೆ ಮೇಲೆ ಅದಾಗಲೇ ಎರಡು ಸಲ ಬಂದು ಹೋಗಿತ್ತು, "ಚನ್‌ನಮ್‌ಮ" ಅಂತ. ಅಜ್ಜಿಗೆ ಓದೋಕೆ ಬರುತ್ತೆ, ಬಸ್ಸಿನ ಬೋರ್ಡು ಓದಿಕೊಂಡೇ ಆಸ್ಪತ್ರೆವರೆಗೆ ಬಂದಿದ್ದರು. ತಮ್ಮ ಹೆಸರೇ ಆ ರೂಪದಲ್ಲಿ ಕಣ್ಣಿಗೆ ಬಿದ್ದಾಗ ಗುರುತು ಹತ್ತಲಿಲ್ಲ. ಮೇಲ್ಗಡೆ "ಸ್‌ತ್‌ರೀರೋಗ ತಜ್‌ಞರು" ಅಂತ ಬೇರೆ ಇತ್ತು. ಅವತ್ತು ನನಗಾದ ಸಂಕಟ ಇನ್ನೂ ಮರೆತಿಲ್ಲ.

ಕನ್ನಡದಲ್ಲಿ ಒತ್ತಕ್ಷರ ಅನ್ನೋದು ಬೇರೆ ಸಂಕೇತವಾಗಿ ಕಂಪ್ಯೂಟರಿನೊಳಗೆ ಇರೋದಿಲ್ಲ. ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್ ಪದ್ಧತಿಯಲ್ಲಿ "ನ್ನ" ಅಂದರೆ ನ, ಹಲಂತದ ಗುರುತು, ಮತ್ತೆ ನ, ಹೀಗೆ ಮೂರು ಸಂಕೇತ. ಅವನ್ನು ಕೂಡಿಸಿ, ಎರಡನೇ ನ ಅನ್ನು ಕೆಳಗಿಳಿಸಿ ಒತ್ತು ಮಾಡೋದು ಒಳಗಿರುವ ತಂತ್ರಾಂಶದ ಕೆಲಸ. "ಅರ್ಧ" ಅನ್ನೋ ಪದದಲ್ಲಂತೂ ಮೊದಲು ಬರುವ ರ್ ಅನ್ನು ಧ ಆದಮೇಲೆ ಅರ್ಕಾವತ್ತಾಗಿ ಇಡಬೇಕು. ಇದನ್ನೆಲ್ಲ ಮಾಡಿಕೊಡುವ ಹಾರ್ಫ್‌ಬಝ್ ಅನ್ನೋ ಮುಕ್ತ ತಂತ್ರಾಂಶ ಇದೆ, ದುಡ್ಡು ಕೊಡಬೇಕಾಗಿಲ್ಲ. ಆಂಡ್ರಾಯ್ಡ್ ಫೋನುಗಳಿಗೆ 2012ರ 4.1 ಆವೃತ್ತಿಯಲ್ಲೇ ಕನ್ನಡದ ಬೆಂಬಲ ಬಂತು. ನಮ್ಮ ಡಬ್ಬ ಮಾತ್ರ ಒಂದೊಂದು ಸಂಕೇತಕ್ಕೆ ಒಂದೊಂದು ಚಿತ್ರ ಇಟ್ಟು ಸಾಲಾಗಿ ಜೋಡಿಸ್ತಿತ್ತು. ಇಂಗ್ಲಿಷಿಗೆ ಅಷ್ಟು ಸಾಕು, ನಮಗೆ ಸಾಲದು.

ಡಬ್ಬ ಮಾರಿದವರಿಗೆ ಫೋನ್ ಮಾಡಿದೆ. "ಕನ್ನಡಾನ ಜೆಪೆಗ್ ಇಮೇಜ್ ಮಾಡಿ ಹಾಕಿ ಸರ್, ಎಲ್ಲರೂ ಹಂಗೇ ಮಾಡ್ತಾರೆ" ಅಂದರು. ಸೀರೆ ಅಂಗಡಿಯ ಜಾಹೀರಾತಿಗೆ ಅದು ನಡೆಯುತ್ತೆ. ನಿಮಿಷಕ್ಕೊಂದು ಹೊಸ ಹೆಸರು ಬರುವ ಆಸ್ಪತ್ರೆಗೆ ಯಾರು ಕೂತು ಇಮೇಜ್ ಮಾಡ್ತಾರೆ? ಬಸ್ ನಿಲ್ದಾಣ, ಎಪಿಎಂಸಿಯ ದರಪಟ್ಟಿ, ಕೋರ್ಟಿನ ಕೇಸ್ ಪಟ್ಟಿ ಎಲ್ಲ ಕಡೆನೂ ಇದೇ ಕಥೆ. ಕ್ಷಣಕ್ಷಣಕ್ಕೂ ಬದಲಾಗುವ ಮಾಹಿತಿ ಅಕ್ಷರವಾಗಿಯೇ ಬರಬೇಕು. ಇಮೇಜ್ ದಾರಿ ಹಿಡಿದವರು ಕೊನೆಗೆ ಬದಲಾಗುವ ಜಾಗಕ್ಕೆಲ್ಲ ಇಂಗ್ಲಿಷ್ ಹಾಕಿ, ಕನ್ನಡವನ್ನು "ಸುಸ್ವಾಗತ"ಕ್ಕೆ ಸೀಮಿತ ಮಾಡಿಬಿಡ್ತಾರೆ.

ನಾನು ಬಿಡಲಿಲ್ಲ. ಫೋಟೋ ತೆಗೆದು ಕಳಿಸಿದೆ, ಸರಿಯಾದ ರೂಪ ಪಕ್ಕದಲ್ಲಿ ಬರೆದು ಕಳಿಸಿದೆ, ತಿಂಗಳಿಗೆರಡು ಸಲ ಫೋನ್ ಮಾಡಿದೆ. ಏಳು ತಿಂಗಳಾದ ಮೇಲೆ ಹೊಸ ಫರ್ಮ್‌ವೇರ್, ಅಂದರೆ ಡಬ್ಬದೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶ, ಬಂತು. ಹಾಕಿದೆ. ಚನ್ನಮ್ಮ ಚನ್ನಮ್ಮ ಆದರು. ಅದೇ ಡಬ್ಬ, ಅದೇ ಟಿವಿ, ಅದೇ ತಂತಿ. ಫರ್ಮ್‌ವೇರ್ ಅಪ್‌ಡೇಟ್ ಅಂದರೆ ಸುಮ್ಮನೆ ಕಾಟ ಅನ್ನುವವರಿಗೆ ನಾನು ಹೇಳೋದು ಇದನ್ನೇ.

ಇನ್ನೊಂದು ಅನುಭವ 2021ರದ್ದು. ಫೈಲು ಕಳಿಸುವ ದೂರದ ಕಂಪ್ಯೂಟರ್, ಅಂದರೆ ಸರ್ವರ್, ಅಸಲಿಯೇ ಅಂತ ಡಬ್ಬ ನೋಡೋದು ಪ್ರಮಾಣಪತ್ರ ಅನ್ನೋ ಡಿಜಿಟಲ್ ಗುರುತಿನ ಚೀಟಿಯಿಂದ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋದು ಅಂಥ ಚೀಟಿ ಕೊಡುವ ಸಂಸ್ಥೆ. ಆ ವರ್ಷ ಸೆಪ್ಟೆಂಬರ್ 30ಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಹಳೇ ಮೂಲ ಪ್ರಮಾಣಪತ್ರವೊಂದರ ಅವಧಿ ಮುಗೀತು. 2000ರಲ್ಲಿ ಕೊಟ್ಟಿದ್ದು, 21 ವರ್ಷದ್ದು. ಮುಗಿಯುವ ದಿನ ಮೊದಲಿಂದಲೂ ಅದರಲ್ಲೇ ಬರೆದಿತ್ತು, ಯಾರಿಗೂ ಅಚ್ಚರಿ ಆಗಬೇಕಾಗಿರಲಿಲ್ಲ. ಆದರೆ ಫರ್ಮ್‌ವೇರ್ ಮುಟ್ಟದೆ ಬಿಟ್ಟಿದ್ದ ಹಳೇ ಡಬ್ಬಗಳು ಅಂದಿನಿಂದ ಸರ್ವರನ್ನು ನಂಬೋದನ್ನೇ ಬಿಟ್ಟವು. ಹೊಸ ಫೈಲು ಇಳಿಯಲಿಲ್ಲ, ಇದ್ದದ್ದೇ ಸುತ್ತುತ್ತಾ ಇತ್ತು. ನವರಾತ್ರಿ ಶುರುವಾಗಿದ್ದರೂ ನಾನು ನೋಡಿಕೊಳ್ಳುವ ಬಟ್ಟೆ ಅಂಗಡಿಯ ಪರದೆಯಲ್ಲಿ ಗಣೇಶ ಹಬ್ಬದ ರಿಯಾಯಿತಿಯೇ ಬರ್ತಿತ್ತು. ಮಾಲೀಕರು ನನ್ನನ್ನು ಬೈದರು, ಬೈಯಲೇಬೇಕು. ಒಂದೊಂದು ಡಬ್ಬಕ್ಕೂ ಏಣಿ ಹತ್ತಿ, ಪೆನ್‌ಡ್ರೈವ್ ಚುಚ್ಚಿ ಅಪ್‌ಡೇಟ್ ಮಾಡಿದೆ.

ಗಡಿಯಾರದ್ದೂ ಒಂದು ಗೋಳು. ಅಗ್ಗದ ಡಬ್ಬಗಳಲ್ಲಿ ಸಮಯ ಹಿಡಿದಿಡುವ ಸಣ್ಣ ಬ್ಯಾಟರಿ ಇರೋದಿಲ್ಲ. ಕರೆಂಟ್ ಹೋಗಿ ಬಂದರೆ ಎಷ್ಟೋ ಡಬ್ಬಗಳು 1970 ಜನವರಿ 1, ಬೆಳಗ್ಗೆ 5:30 ಅಂತ ತೋರಿಸುತ್ತವೆ. ಇಂಥ ಯಂತ್ರಗಳು ಸಮಯ ಎಣಿಸೋಕೆ ಬಳಸುವ ಯುನಿಕ್ಸ್ ಕಾಲಗಣನೆ ಶುರುವಾಗುವ ಕ್ಷಣ ನಮ್ಮ ಭಾರತೀಯ ಸಮಯದಲ್ಲಿ ಅದೇ. ತಾರೀಖು ತಪ್ಪಿದರೆ ಪ್ರಮಾಣಪತ್ರ "ಇನ್ನೂ ಜಾರಿಗೆ ಬಂದಿಲ್ಲ" ಅಂತ ಡಬ್ಬ ಸಂಪರ್ಕ ಕಡಿಯುತ್ತೆ. ನೆಟ್ ಬಂದ ತಕ್ಷಣ ಮೊದಲು ಸಮಯ ಸರಿಮಾಡಿಕೊಂಡು ಆಮೇಲೆ ಸರ್ವರಿಗೆ ಹೋಗುವ ಹಾಗೆ ಫರ್ಮ್‌ವೇರ್‌ನಲ್ಲಿ ತಿದ್ದಬಹುದು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನವರಿಗೆ ಇದರ ಬೆಲೆ ಗೊತ್ತು.

ಹಾಗಂತ ಬಂದ ಅಪ್‌ಡೇಟನ್ನೆಲ್ಲ ಕಣ್ಣುಮುಚ್ಚಿ ಒತ್ತಬೇಡಿ. ನಾನೂ ಒಮ್ಮೆ ಮಧ್ಯಾಹ್ನ ಒಟ್ಟಿಗೆ ಹದಿನಾಲ್ಕು ಡಬ್ಬಕ್ಕೆ ಕಳಿಸಿದ್ದೆ. ಬರೆಯುವ ಹೊತ್ತಿಗೇ ಒಂದು ಕಡೆ ಕರೆಂಟ್ ಹೋಯ್ತು, ಮೂರು ಡಬ್ಬ ಕಲ್ಲಾದವು, ಮತ್ತೆ ಆನ್ ಆಗಲೇ ಇಲ್ಲ. ಒಳಗೆ ಎರಡು ಭಾಗ ಇಟ್ಟಿರುವ ಡಬ್ಬಗಳಲ್ಲಿ ಈ ಭಯ ಇಲ್ಲ. ಒಂದು ಕೋಣೆಯಲ್ಲಿ ಇದ್ದುಕೊಂಡು ಇನ್ನೊಂದಕ್ಕೆ ಸುಣ್ಣ ಹೊಡೆದ ಹಾಗೆ, ಹೊಸದು ಖಾಲಿ ಭಾಗಕ್ಕೆ ಇಳಿಯುತ್ತೆ, ಸರಿಯಾಗಿ ಎದ್ದರೆ ಅದೇ ಮುಂದುವರಿಯುತ್ತೆ, ಏಳದಿದ್ದರೆ ಹಳೇದಕ್ಕೆ ಮರಳುತ್ತೆ. ಆಂಡ್ರಾಯ್ಡ್‌ನಲ್ಲಿ ಈ ವ್ಯವಸ್ಥೆ 2016ರ 7.0 ಆವೃತ್ತಿಯಿಂದ ಇದೆ, ಆದರೆ ಅದನ್ನು ಅಳವಡಿಸೋದು ಬಿಡೋದು ಡಬ್ಬ ಮಾಡುವವರ ಕೈಲಿದೆ. ಕೊಳ್ಳುವಾಗ ಐನೂರು ರೂಪಾಯಿಗೆ ಚೌಕಾಸಿ ಮಾಡುವ ನಾವು ಇದನ್ನು ಕೇಳೋದೇ ಇಲ್ಲ. ಎಷ್ಟು ವರ್ಷ ಅಪ್‌ಡೇಟ್ ಕೊಡ್ತೀರಿ ಅಂತಲೂ ಕೇಳಲ್ಲ. ಟೆಂಡರ್ ಬರೆಯುವ ಅಧಿಕಾರಿಗಳು ಪರದೆಯ ಇಂಚು, ಬೆಳಕು, ವಾರಂಟಿ ಎಲ್ಲ ಬರೀತಾರೆ. ಜೊತೆಗೆ "ಕನ್ನಡ ಯುನಿಕೋಡ್ ಪಠ್ಯ ಒತ್ತಕ್ಷರ ಸಮೇತ ಸರಿಯಾಗಿ ಮೂಡಬೇಕು, ಇಂತಿಷ್ಟು ವರ್ಷ ಫರ್ಮ್‌ವೇರ್ ಕೊಡಬೇಕು" ಅಂತ ಒಂದು ಸಾಲು ಸೇರಿಸಿ ಅನ್ನೋದು ನನ್ನ ಕೈಮುಗಿದ ವಿನಂತಿ.

ಕಂಪನಿಗಳೂ ಅಷ್ಟೇ. "ದೋಷ ನಿವಾರಣೆ ಮತ್ತು ಸುಧಾರಣೆ" ಅಂತ ಒಂದೇ ಸಾಲು ಬರೆದು ಕಳಿಸಿದರೆ ಏಣಿ ಹತ್ತುವವನಿಗೆ ಏನು ತಿಳಿಯಬೇಕು? ಏನು ತಿದ್ದಿದಿರಿ, ಯಾವ ಮಾಡೆಲ್‌ಗೆ, ಹಳೇದಕ್ಕೆ ವಾಪಸ್ ಹೋಗಬಹುದಾ, ಬರೆದು ತಿಳಿಸಿ. ಒಂದು ಅಪ್‌ಡೇಟ್‌ನಲ್ಲಿ ಸರಿಹೋದ ಒತ್ತಕ್ಷರ ಮುಂದಿನದರಲ್ಲಿ ಮತ್ತೆ ಮುರಿದಿದ್ದನ್ನೂ ಕಂಡಿದ್ದೇನೆ. ಫಾಂಟ್ ಫೈಲು ಬದಲಾಗಿತ್ತು, ಯಾರೂ ಕನ್ನಡದಲ್ಲಿ ಪರೀಕ್ಷೆ ಮಾಡಿರಲಿಲ್ಲ.

ಹಾಗಾಗಿ ಈಗ ನನ್ನ ಅಂಗಡಿಯ ಮೇಜಿನ ಮೇಲೆ ಪ್ರತಿ ಮಾಡೆಲ್‌ನ ಒಂದೊಂದು ಡಬ್ಬ ಸದಾ ಓಡ್ತಿರುತ್ತೆ. ಹೊಸ ಫರ್ಮ್‌ವೇರ್ ಮೊದಲು ಅದಕ್ಕೆ. ಆಮೇಲೆ ಒಂದು ಸ್ಲೈಡ್ ಹಾಕ್ತೇನೆ: ಚನ್ನಮ್ಮ, ಸ್ತ್ರೀರೋಗ, ಅರ್ಧ, ತಜ್ಞ, ಲಕ್ಷ್ಮೀ, ಜ್ಯೋತ್ಸ್ನಾ, ಸಂಸ್ಕೃತ, ರಾಷ್ಟ್ರ, ಕೈಮಗ್ಗ, ಶ್ರೀರಂಗಪಟ್ಟಣ. ವಾರ ಪೂರ್ತಿ ಓಡಿ, ಎಲ್ಲ ಅಕ್ಷರ ನೆಟ್ಟಗಿದ್ದರೆ ಮಾತ್ರ ಗಿರಾಕಿಗಳ ಕಡೆ ಹೊರಡುತ್ತೆ, ಅದೂ ಅಂಗಡಿ ಮುಚ್ಚಿದ ಮೇಲೆ, ಯುಪಿಎಸ್ ಇದ್ದಲ್ಲಿಗೆ ಮೊದಲು.

ನಿಮ್ಮೂರಿನ ಆಸ್ಪತ್ರೆಯಲ್ಲೋ ಬಸ್ ನಿಲ್ದಾಣದಲ್ಲೋ ಪರದೆ ಮೇಲೆ ಮುರಿದ ಕನ್ನಡ ಪದ ಕಂಡರೆ ಫೋಟೋ ತೆಗೆದು ಕೆಳಗೆ ಹಾಕಿ. ಆ ಪದವನ್ನೂ ನನ್ನ ಸ್ಲೈಡಿಗೆ ಸೇರಿಸಿಕೊಳ್ತೇನೆ.