ಪಿಕಪ್ ಟ್ರಕ್ಕಿನ ವಸತಿ ಸಮಸ್ಯೆ

ಸುಮಾರು ಒಂದು ಟನ್ ಭಾರವನ್ನು ಚಕಾರವೆತ್ತದೆ ಹೊರಬಲ್ಲ ಪಿಕಪ್ ಟ್ರಕ್ಕಿನಲ್ಲಿ ಹಾಡಿನ ತೀರ ಕೆಳಗಿನ ಸ್ವರಗಳನ್ನು, ಅಂದರೆ ಬೇಸನ್ನು, ಹೊರಡಿಸುವ ಸ್ಪೀಕರಾದ ಸಬ್‌ವೂಫರನ್ನು ಒಂದೇ ಒಂದಾದರೂ ಕೂರಿಸಲು ಜಾಗವಿಲ್ಲ ಎಂಬ ದುಃಖವನ್ನು ಅದರ ಮಾಲೀಕರು ಎಷ್ಟು ಮನಮುಟ್ಟುವಂತೆ ತೋಡಿಕೊಳ್ಳುತ್ತಾರೆಂದರೆ, ಹಿಂದೆ ತೊಟ್ಟಿಯೊಂದು ಬಾಯ್ತೆರೆದು ಮಲಗಿದೆ ಎಂಬುದೇ ಕೇಳುವವರಿಗೆ ಮರೆತುಹೋಗುತ್ತದೆ. ತೊಟ್ಟಿಯ ಮಾತೆತ್ತಿದವರನ್ನು ಅವರು ಕನಿಕರದಿಂದ ನೋಡುತ್ತಾರೆ. ಅಲ್ಲಿ ಮಳೆ ಬೀಳುತ್ತದೆ, ಧೂಳು ಕೂರುತ್ತದೆ, ಕಳ್ಳನ ಕೈಗೆ ಎಲ್ಲವೂ ಎಟುಕುತ್ತದೆ. ಸಂಗೀತದಂಥ ಸುಕುಮಾರ ವಸ್ತುವಿಗೆ ಅದು ತಕ್ಕ ತಾಣವಲ್ಲ. ಆದ್ದರಿಂದ ಸರಕಿಗೆಂದು ಕಟ್ಟಿದ ಜಾಗ ಖಾಲಿ ಇರತಕ್ಕದ್ದು, ಮನುಷ್ಯರಿಗೆಂದು ಬಿಟ್ಟ ಜಾಗಕ್ಕೆ ಸರಕು ತುಂಬತಕ್ಕದ್ದು ಎಂಬ ಹೊಸ ಸಾರಿಗೆ ನೀತಿಯೊಂದು ಯಾವ ಚರ್ಚೆಯೂ ಇಲ್ಲದೆ ಜಾರಿಗೆ ಬಂದಿದೆ.

ಈ ನೀತಿ ಮೊದಲು ಕಣ್ಣಿಟ್ಟಿರುವುದು ಸೀಟಿನ ಬೆನ್ನಿಗೂ ಕ್ಯಾಬಿನ್ನಿನ ಹಿಂಗೋಡೆಗೂ ನಡುವಿನ ಸಂದಿನ ಮೇಲೆ. ಸಾಮಾನ್ಯವಾದ 12 ಇಂಚಿನ ಸಬ್‌ವೂಫರಿಗೆ 5ರಿಂದ 7 ಇಂಚು ಆಳ ಬೇಕು. ಅದರ ಡಬ್ಬ ಪೂರ್ತಿ ಮುಚ್ಚಿದ್ದಾದರೆ ಒಳಗೆ ಸುಮಾರು 28 ಲೀಟರ್ ಗಾಳಿಯಿರಬೇಕು, ಗಾಳಿಯಾಡಲು ಪೋರ್ಟ್ ಎಂಬ ಕಿಂಡಿ ಇರುವ ಡಬ್ಬವಾದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ಹಲಗೆಯ ದಪ್ಪವೇ ಮುಕ್ಕಾಲು ಇಂಚು ಇರುವುದರಿಂದ, ಮುಂದಿನದೂ ಹಿಂದಿನದೂ ಸೇರಿ ಒಂದೂವರೆ ಇಂಚು ಯಾರ ಲೆಕ್ಕಕ್ಕೂ ಸಿಗದೆ ಮಾಯವಾಗುತ್ತದೆ. ಇಷ್ಟು ಬೇಡಿಕೆಯನ್ನು ಅಂಗೈ ತೂರುವಷ್ಟು ಸಂದಿನ ಮುಂದೆ ಇಟ್ಟರೆ ಸಂದು ತಾನೇ ಏನು ಹೇಳೀತು? ಇಂಥ ಕಷ್ಟಕಾಲಕ್ಕೆಂದೇ 3 ಇಂಚಿನ ಆಸುಪಾಸಿನ ಆಳದ ತೆಳು ಸಬ್‌ವೂಫರುಗಳು ಮಾರುಕಟ್ಟೆಗೆ ಬಂದಿವೆ. ಆದರೆ ಭೌತಶಾಸ್ತ್ರಕ್ಕೆ ಮಾರುಕಟ್ಟೆಯ ಹಂಗಿಲ್ಲ. ಆಳವಾದ ಬೇಸ್, ಚಿಕ್ಕ ಡಬ್ಬ, ಕಡಿಮೆ ವ್ಯಾಟಿಗೆ ಹೆಚ್ಚು ಸದ್ದು, ಈ ಮೂರರಲ್ಲಿ ಯಾವುದಾದರೂ ಎರಡನ್ನು ಮಾತ್ರ ಪಡೆಯಬಹುದು ಎಂಬ, ಸ್ಪೀಕರ್ ತಂತ್ರಜ್ಞ ಹಾಫ್‌ಮನ್ನನ ಕಬ್ಬಿಣದ ನಿಯಮವನ್ನು ಧ್ವನಿ ಎಂಜಿನಿಯರುಗಳು ಬಹುಕಾಲದಿಂದ ಒಪ್ಪಿಕೊಂಡಿದ್ದಾರೆ. ಮೂರನ್ನೂ ಒಟ್ಟಿಗೆ ಕೇಳುವ ಹಕ್ಕು ತಮಗೆ ವಾಹನದ ಜೊತೆಯಲ್ಲೇ ಬಂದಿದೆ ಎಂದು ನಂಬಿರುವವರು ಪಿಕಪ್ಪಿನ ಮಾಲೀಕರು ಮಾತ್ರ.

ನಿಯಮ ಬಗ್ಗದಿದ್ದಾಗ ಬಗ್ಗಬೇಕಾದದ್ದು ಪ್ರಯಾಣಿಕರ ಮೊಣಕಾಲು. ಮೊದಲು ಎತ್ತಂಗಡಿಯಾಗುವುದು ಸೀಟಿನ ಹಿಂದೆ ಗುಟ್ಟಾಗಿ ಬದುಕುತ್ತಿದ್ದ ಜಾಕು ಮತ್ತು ಪಾನಾ. ಟೈರು ಪಂಕ್ಚರಾಗುವವರೆಗೆ ಈ ನಷ್ಟ ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಸೀಟು ಒರಗುವುದನ್ನು ಬಿಡುತ್ತದೆ. ಇನ್ನೆರಡು ಇಂಚು ಬೇಕೆನ್ನಿಸಿದಾಗ ಇಡೀ ಸೀಟೇ ಮುಂದಕ್ಕೆ ಸರಿಯುತ್ತದೆ. ಏರ್‌ಬ್ಯಾಗ್ ಅಪಘಾತದಲ್ಲಿ ಸ್ಫೋಟಿಸುವಂತೆ ಉಬ್ಬುವುದರಿಂದ ಚಾಲಕನ ಎದೆಗೂ ಸ್ಟೀರಿಂಗಿಗೂ ನಡುವೆ ಕನಿಷ್ಠ 25 ಸೆಂಟಿಮೀಟರ್ ಅಂತರವಿರಲಿ ಎಂದು ಸುರಕ್ಷತಾ ತಜ್ಞರು ಹೇಳುತ್ತಾರೆ. ಆ ತಜ್ಞರಿಗೆ ಬೇಸಿನ ಗಂಧಗಾಳಿ ಇಲ್ಲವೆಂಬುದು ಸ್ಪಷ್ಟ. ಮಗುವಿನ ಸೀಟನ್ನು ಬಿಗಿಯುವ ಪಟ್ಟಿಯ ಕೊಂಡಿಯೂ ಅನೇಕ ಪಿಕಪ್ಪುಗಳಲ್ಲಿ ಇದೇ ಹಿಂಗೋಡೆಯ ಮೇಲಿದ್ದು, ಡಬ್ಬದ ಹಿಂದೆ ಅಜ್ಞಾತವಾಸ ಅನುಭವಿಸುತ್ತಿದೆ.

ಇಷ್ಟು ತ್ಯಾಗ ಮಾಡಿದ ಮೇಲೆ ಅದಕ್ಕೆ ತಕ್ಕ ಶಕ್ತಿ ಬೇಡವೇ? ಅದನ್ನು ಒದಗಿಸಲು ಆಂಪ್ಲಿಫೈಯರ್ ಇದೆ, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ 2000 ವ್ಯಾಟ್ ಎಂದು ಬರೆದಿದೆ, ಬರೆದವರ ಧೈರ್ಯವನ್ನು ಮೆಚ್ಚಲೇಬೇಕು. ಅದೇ ಯಂತ್ರದ ಪಕ್ಕೆಯಲ್ಲಿ 30 ಆಂಪಿಯರಿನ ಒಂದು ಬಡ ಫ್ಯೂಸ್ ಕುಳಿತಿರುತ್ತದೆ. ಎಂಜಿನ್ ಓಡುತ್ತಿರುವಾಗ ವಾಹನದ ವಿದ್ಯುತ್ತು ಸಾಮಾನ್ಯವಾಗಿ 14.4 ವೋಲ್ಟಿನ ಆಸುಪಾಸು. 30ನ್ನು 14.4ರಿಂದ ಗುಣಿಸಿದರೆ 432 ವ್ಯಾಟ್ ಬರುತ್ತದೆ, ಅದರಲ್ಲೂ ಒಂದು ಪಾಲು ಶಾಖವಾಗಿ ಹೋಗುತ್ತದೆ. ಉಳಿದ ಸಾವಿರದೈನೂರು ಚಿಲ್ಲರೆ ವ್ಯಾಟ್ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ರಟ್ಟಿನ ಪೆಟ್ಟಿಗೆಯ ಒಂದು ಮೂಲೆಯಲ್ಲಿ, ಇರುವೆಯೂ ಓದಲಾಗದ ಅಕ್ಷರದಲ್ಲಿ, ಇದು ಗರಿಷ್ಠ ಶಕ್ತಿ ಎಂಬ ಉತ್ತರವಿದೆ. ಯಂತ್ರವು ನಿರಂತರವಾಗಿ ಕೊಡುವ ಆರ್‌ಎಂಎಸ್ ಶಕ್ತಿಯನ್ನು ಹೇಳುವುದು ಈ ವ್ಯಾಪಾರದಲ್ಲಿ ಸಭ್ಯತೆಯಲ್ಲ. ಆದರೂ ಮಾಲೀಕರನ್ನು ಹಳಿಯಬಾರದು. ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು ಕೇವಲ 3 ಡೆಸಿಬಲ್, ಕಿವಿಗೆ ಸದ್ದು ಇಮ್ಮಡಿಯಾದಂತೆ ಕೇಳಿಸಲು ಸುಮಾರು ಹತ್ತರಷ್ಟು ವ್ಯಾಟ್ ಬೇಕು ಎಂಬ ಸತ್ಯವನ್ನು ಅಂಗಡಿಯವನು ಹೇಳಿಬಿಟ್ಟರೆ ಅವನ ಅಂಗಡಿ ನಡೆಯಬೇಕಲ್ಲ.

ಈ ಆಂಪ್ಲಿಫೈಯರಿಗೂ ಮನೆ ಬೇಕು. ಸೀಟಿನ ಕೆಳಗೆ ನೂಕಿ, ಅಂದಗೆಡದಿರಲೆಂದು ಮೇಲೆ ಜಮಖಾನೆ ಹೊದಿಸುತ್ತಾರೆ. ಶಾಖ ಹೊರಹೋಗಲೆಂದು ಲೋಹದ ರೆಕ್ಕೆಗಳನ್ನು ಕೊಟ್ಟ ಯಂತ್ರಕ್ಕೆ ಕಂಬಳಿ ಹೊದಿಸಿ ಮಲಗಿಸಿದ ಮೇಲೆ ಅದು ಮೂರನೆಯ ಹಾಡಿಗೆ ಜ್ವರ ಬಂದು ತಾನಾಗಿ ಆಫ್ ಆಗುತ್ತದೆ. ಆಗ ಕ್ಯಾಬಿನ್ನಿನಲ್ಲಿ ಹರಡುವ ಶಾಂತಿಯನ್ನು ಪಕ್ಕದ ಸೀಟಿನವರು ಮೌನವಾಗಿ ಆನಂದಿಸುತ್ತಾರೆ, ಮಾಲೀಕರು ಇನ್ನೂ ದೊಡ್ಡ ಆಂಪ್ಲಿಫೈಯರಿನ ಬೆಲೆ ವಿಚಾರಿಸುತ್ತಾರೆ. ಬ್ಯಾಟರಿಯಿಂದ ಬರುವ ದಪ್ಪ ತಂತಿಗೆ ಬ್ಯಾಟರಿಯ ಬುಡದಲ್ಲೇ, ಒಂದೂವರೆ ಅಡಿಯೊಳಗೆ, ಫ್ಯೂಸ್ ಹಾಕಬೇಕು. ಇಲ್ಲವಾದರೆ ತಂತಿ ಎಲ್ಲಾದರೂ ತರಚಿ ಲೋಹಕ್ಕೆ ತಗುಲಿದಾಗ ವಾಹನಕ್ಕೇ ಬೆಂಕಿ ಬೀಳಬಹುದು. ಇದನ್ನೂ ಅನೇಕರು ಆಮೇಲೆ ಮಾಡುವ ಕೆಲಸಗಳ ಸಾಲಿಗೆ ಸೇರಿಸಿರುತ್ತಾರೆ.

ಇದರಲ್ಲೊಂದು ತಮಾಷೆಯಿದೆ. ಯಾವ ಇಕ್ಕಟ್ಟನ್ನು ಮಾಲೀಕರು ಶಪಿಸುತ್ತಾರೋ ಅದೇ ಅವರ ಪಾಲಿನ ದೊಡ್ಡ ಕೊಡುಗೆ. ಚಿಕ್ಕದಾದ, ಮುಚ್ಚಿದ ಕ್ಯಾಬಿನ್ನಿನಲ್ಲಿ ತೀರ ಕೆಳಗಿನ ಸ್ವರಗಳು ತಾವಾಗಿಯೇ ಬಲಗೊಳ್ಳುತ್ತವೆ; ಅಲೆಯ ಉದ್ದ ಕ್ಯಾಬಿನ್ನಿಗಿಂತ ಬಹಳ ದೊಡ್ಡದಾದಾಗ ಸ್ಪೀಕರ್ ಒಳಗಿನ ಗಾಳಿಯನ್ನೆಲ್ಲ ಒಟ್ಟಿಗೆ ಅದುಮುತ್ತದೆ. ಆದ್ದರಿಂದ ಸೀಟಿನ ಕೆಳಗೆ ಹಿಡಿಸುವ ಒಂದು 8 ಇಂಚಿನ ಸಬ್‌ವೂಫರ್ ಹಾಡು ಕೇಳುವವರಿಗೆ ಧಾರಾಳವಾಗಿ ಸಾಕು. ಆದರೆ ಹಾಡು ಕೇಳುವುದು ಈ ಯೋಜನೆಯ ಉದ್ದೇಶವೆಂದು ಹೇಳಿದವರಾರು?

ಉದ್ದೇಶ ರಸ್ತೆಯಲ್ಲಿದೆ. 40 ಹರ್ಟ್ಸ್ ಸ್ವರದ ಒಂದು ಅಲೆ ಸುಮಾರು 8.5 ಮೀಟರ್ ಉದ್ದವಿದ್ದು ಗಾಜು, ಗೋಡೆಗಳನ್ನು ವಿಶೇಷವಾಗಿ ಲೆಕ್ಕಿಸುವುದಿಲ್ಲ. ಹಾಡಿನ ಮಾತು ಕ್ಯಾಬಿನ್ನಿನಲ್ಲೇ ಉಳಿದು, ಗುದ್ದು ಮಾತ್ರ ಬೀದಿಗೆ ಬಂದು ಎಲ್ಲರ ಮನೆಯ ಕಿಟಕಿಯನ್ನು ತಟ್ಟುತ್ತದೆ. ಅದಕ್ಕೆ ನಂಬರ್ ಪ್ಲೇಟು ಮತ್ತು ಟೇಲ್‌ಗೇಟು ತಾಳ ಹಾಕುತ್ತವೆ. ಒಳಗೆ ಸದ್ದು 100 ಡೆಸಿಬಲ್ ದಾಟಿದರೆ ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ಕೇಳುವುದು ಕಿವಿಗೆ ಕೇಡು ಎಂಬ ಅಳತೆಗೋಲಿದೆ, ಆದರೆ ಮಾಲೀಕರಿಗೆ ಸದ್ದು ಈಚೆಗೆ ಕಡಿಮೆಯಾದಂತೆ ತೋರುತ್ತಿದೆ. ದೋಷ ಸ್ಪೀಕರಿನದೇ ಇರಬೇಕೆಂದು ತೀರ್ಮಾನಿಸಿ ಅವರು ಎರಡನೆಯ ಸಬ್‌ವೂಫರ್ ತರಿಸಿದ್ದಾರೆ. ಸದ್ಯ ಪಕ್ಕದ ಸೀಟಿನ ಕಾಲಿಡುವ ಜಾಗವನ್ನು ಟೇಪು ಹಿಡಿದು ಅಳೆಯಲಾಗುತ್ತಿದ್ದು, ಅಲ್ಲಿ ಕುಳಿತಿರುವವರನ್ನು ದಯವಿಟ್ಟು ಎರಡೂ ಕಾಲು ಮೇಲೆತ್ತಿಕೊಳ್ಳುವಂತೆ ಕೋರಲಾಗಿದೆ.